ಉಪ್ಪು ತೆಗೆಯದೆಯೂ ಕಡಲನೀರು ಬಳಸಬಹುದು

ಮಾನ್ಯ ಸಂಪಾದಕರೇ,

ನೇತ್ರಾವತಿಯ ತುಂಬೆ ಅಣೆಕಟ್ಟನ್ನೇ ನೆಚ್ಚಿಕೊಂಡಿರುವ ಮಂಗಳೂರಿನಲ್ಲಿ, 2019ರ ಬೇಸಿಗೆಯಂತೆ ನೀರಿಗೆ ಪಡಿತರ ಬಂದಾಗಲೆಲ್ಲ ಕಡಲನೀರನ್ನು ಸಿಹಿಯಾಗಿಸುವ ಮಾತು ಕೇಳಿಬರುತ್ತದೆ. ಆದರೆ ಉಪ್ಪು ತೆಗೆಯಲು ಅಪಾರ ವಿದ್ಯುತ್ ಬೇಕು. ಹಾಂಗ್‌ಕಾಂಗ್ 1950ರ ದಶಕದ ಕೊನೆಯಿಂದಲೇ ಕಡಲನೀರನ್ನು ಸೋಸಿ, ಸೋಂಕು ನಿವಾರಿಸಿ, ಪ್ರತ್ಯೇಕ ಕೊಳವೆಗಳ ಮೂಲಕ ಶೌಚಾಲಯಗಳಿಗೆ ಹರಿಸುತ್ತಿದ್ದು, ಇಂದು ಅಲ್ಲಿನ ಶೇ 80ಕ್ಕೂ ಹೆಚ್ಚು ಜನರಿಗೆ ಈ ವ್ಯವಸ್ಥೆ ತಲುಪಿದೆ.

ನನ್ನನ್ನು ಹೆಚ್ಚು ಸೆಳೆದದ್ದು ಅದರ ನಂತರದ ಹಂತ: ಶೌಚಾಲಯದಿಂದ ಹೊರಬರುವ, ಕಡಲನೀರು ಬೆರೆತ ಕೊಳಚೆಯ ಶುದ್ಧೀಕರಣ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಎಂಬ ಗಂಧಕದ ಸಂಯುಕ್ತ ಇರುತ್ತದೆ. ಹಾಂಗ್‌ಕಾಂಗ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು ಬೆಳೆಸಿದ ‘ಸಾನಿ’ ವಿಧಾನದಲ್ಲಿ, ಆಮ್ಲಜನಕದ ಬದಲು ಈ ಸಲ್ಫೇಟನ್ನೇ ಬಳಸಿ ಬದುಕುವ ಬ್ಯಾಕ್ಟೀರಿಯಾಗಳು ಕೊಳಚೆಯಲ್ಲಿನ ಸಾವಯವ ವಸ್ತುವನ್ನು ಒಡೆಯುತ್ತವೆ. ಅವು ನಿಧಾನವಾಗಿ ಬೆಳೆಯುವುದರಿಂದ ಕೊನೆಗೆ ಉಳಿಯುವ ಕೆಸರು ಬಹಳ ಕಡಿಮೆ. ಕೆಸರನ್ನು ಎಲ್ಲಿ ಸುರಿಯುವುದೆಂದು ತಿಣುಕುವ ನಮ್ಮ ನಗರಗಳಿಗೆ ಇದು ಸಣ್ಣ ಲಾಭವಲ್ಲ.

ತುಕ್ಕು ಹಿಡಿಯದ ಕೊಳವೆ ಬೇಕು, ಸೋರಿದರೆ ಬಾವಿಗಳು ಉಪ್ಪಾಗುತ್ತವೆ ಎಂಬ ಆತಂಕ ನಿಜವಾದದ್ದೇ. ಆದ್ದರಿಂದ ಹಳೆಯ ಬಡಾವಣೆಗಳನ್ನು ಅಗೆಯದೆ, ಪಣಂಬೂರು, ಸುರತ್ಕಲ್‌ನ ಕಡಲಂಚಿನಲ್ಲಿ ಮುಂದೆ ಏಳಲಿರುವ ಒಂದೆರಡು ವಸತಿ ಸಮುಚ್ಚಯಗಳಲ್ಲಿ ಪಾಲಿಕೆಯು ಇದನ್ನು ಮೊದಲು ಪ್ರಯೋಗಿಸಬೇಕೆಂದು ವಿನಂತಿಸುತ್ತೇನೆ.

– ಓದುಗ, ಮಂಗಳೂರು