ಸಾಮಾನ್ಯ ಸಭೆಯಲ್ಲಿ ಓದಲು ಕೇಳಿದ ಪತ್ರದ ಬದಲಿಗೆ

ನಾಕ್ಸ್‌ವಿಲ್, ಟೆನ್ನೆಸ್ಸಿ
18 ಆಗಸ್ಟ್ 2024

ಪ್ರೀತಿಯ ತಮ್ಮನಿಗೆ,

ಪ್ರಭುವಿನ ನಾಮದಲ್ಲಿ ನಿನಗೂ ಬೀದರಿನ ಮಂಗಲಪೇಟೆಯ ಮನೆಯಲ್ಲಿರುವ ಎಲ್ಲರಿಗೂ ನಮ್ಮಿಬ್ಬರ ವಂದನೆಗಳು. ನಾವು ಕಟ್ಟಿದ ಕ್ರೈಸ್ತ ಯುವಜನ ಸಂಸ್ಥೆಯ ವಾರ್ಷಿಕ ಸಾಮಾನ್ಯ ಸಭೆಯ ನೋಟಿಸು, ಹೊಸ ಹೆಸರಿನ ಠರಾವಿನ ಕರಡು, ಅದರೊಡನೆ ನಿನ್ನ ಸಿಟ್ಟಿನ ಪತ್ರ, ಎಲ್ಲವೂ ಮಗಳ ಫೋನಿಗೆ ಬಂದು ತಲುಪಿವೆ. ಈ ಬದಲಾವಣೆಗಳನ್ನು ವಿರೋಧಿಸಿ ಸಂಸ್ಥಾಪಕನೆಂದು ಎರಡು ಪುಟ ಬರೆದು ಕಳುಹಿಸಿದರೆ ಅದನ್ನು ಎಲ್ಲರೆದುರು ಓದಿ, ಉಳಿದದ್ದನ್ನು ನೀನೇ ನೋಡಿಕೊಳ್ಳುವುದಾಗಿ ಹೇಳಿದ್ದೀಯ. ಆ ಪತ್ರವನ್ನು ನಾನು ಬರೆಯುವುದಿಲ್ಲ. ಏಕೆ ಬರೆಯುವುದಿಲ್ಲ ಎಂಬುದನ್ನು ಮಾತ್ರ ನಿನಗೆ ವಿವರವಾಗಿ ಹೇಳಬೇಕಾಗಿದೆ. ಓದಿದ ಮೇಲೆ ಇದನ್ನು ನಿನ್ನ ಬಳಿಯೇ ಇಟ್ಟುಕೊ.

ನನಗೆ ಏನೂ ಅನ್ನಿಸಲಿಲ್ಲ ಎಂದರೆ ನಿನ್ನ ಅತ್ತಿಗೆಯೇ ನಗುತ್ತಾಳೆ. ನೋಟಿಸು ಓದಿದ ಮೇಲೆ ಕೆಲವು ದಿನ ನಾನು ಮನೆಯಲ್ಲಿ ಸಿಡಿಮಿಡಿಗೊಂಡೇ ಇದ್ದೆ. ಮೊಮ್ಮಗ ಪಿಯಾನೊ ನುಡಿಸಲು ಕುಳಿತರೂ ಗದರಿದೆನಂತೆ. ಕಚೇರಿಯನ್ನು ಹೈದರಾಬಾದಿಗೆ ಒಯ್ಯುವುದು, ಕನ್ನಡದ ತಿಂಗಳ ಪತ್ರಿಕೆಯನ್ನು ನಿಲ್ಲಿಸುವುದು, ದಸರೆಯ ಶಿಬಿರದ ಬದಲು ರಿಸಾರ್ಟಿನಲ್ಲಿ ಮೂರು ದಿನಗಳ ಸಮ್ಮೇಳನ ನಡೆಸುವುದು, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬಿಡಿಬಿಡಿಯಾಗಿ, ಕರೆಂಟ್ ಬಿಲ್ಲಿನ ವಿವರದ ಹಾಗೆ, ಹೊಸ ನಿರ್ದೇಶಕರು ಮುದ್ರಿಸಿದ್ದಾರೆ. ಆದರೆ ಸಿಟ್ಟು ಇಳಿದ ಮೇಲೆ ಆ ಹಾಳೆಯನ್ನು ಮತ್ತೆ ಓದಿದಾಗ, ನಿನಗೆ ನೋವಾದ ಸಂಗತಿಗಳೂ ನನಗೆ ನೋವಾದ ಸಂಗತಿಗಳೂ ಬೇರೆಬೇರೆ ಎಂದು ತಿಳಿಯಿತು.

ಮೊದಲು ಅಧಿಕಾರದ ಮಾತು. ನಾವು ನೋಂದಣಿಗೆ ಹೋದಾಗ, ಟ್ರಸ್ಟ್ ಮಾಡಿಕೊಳ್ಳಿ, ನೀವೇ ಆಜೀವ ಅಧ್ಯಕ್ಷರಾಗಿರಬಹುದು ಎಂದು ವಕೀಲರಿಂದ ಹಿಡಿದು ನಮ್ಮ ಸಭಾಪಾಲಕರವರೆಗೆ ಎಲ್ಲರೂ ಹೇಳಿದ್ದು ನಿನಗೆ ನೆನಪಿರಬೇಕು. ನಾನು ಹಟ ಹಿಡಿದು 1956ರ ಕಂಪನಿ ಕಾಯ್ದೆಯ 25ನೇ ಸೆಕ್ಷನ್ನಿನ ಕೆಳಗೆ, ಎಂದರೆ ಈಗಿನ 2013ರ ಕಾಯ್ದೆಯಲ್ಲಿ 8ನೇ ಸೆಕ್ಷನ್ ಆಗಿರುವ ಏರ್ಪಾಟಿನಲ್ಲಿ, ಲಾಭ ಹಂಚಿಕೊಳ್ಳಲಾಗದ ಕಂಪನಿಯಾಗಿ ಅದನ್ನು ನೋಂದಾಯಿಸಿದೆ. ದೇವರ ಹೆಸರಿನಲ್ಲಿ ಶಾಲೆಯನ್ನೋ ಅನಾಥಾಶ್ರಮವನ್ನೋ ಕಟ್ಟಿದ ಕೆಲವರು ಕೊನೆಗೆ ಅದನ್ನು ಮಕ್ಕಳ ಹೆಸರಿಗೆ ಹೊಲ ಬರೆದಂತೆ ಬರೆದುಹೋದದ್ದನ್ನು ನಮ್ಮ ಸೀಮೆಯಲ್ಲೇ ನೋಡಿದ್ದರಿಂದ, ಸದಸ್ಯರು ಮತ ಹಾಕಿ ನಿರ್ದೇಶಕರನ್ನು ತರುವ, ಬೇಡವೆಂದಾಗ ಇಳಿಸುವ ವ್ಯವಸ್ಥೆಯೇ ಇರಲಿ ಎಂದು ನಾನೇ ಬಯಸಿದ್ದೆ. ಈಗ ಅದೇ ವ್ಯವಸ್ಥೆ ನನಗೆ ಒಪ್ಪಿಗೆಯಾಗದ ದಾರಿಯಲ್ಲಿ ನಡೆದಿದೆ ಎಂದ ಮಾತ್ರಕ್ಕೆ ಸಂಸ್ಥಾಪಕನೆಂಬ ಪೇಟ ಸುತ್ತಿಕೊಂಡು ನಡುವೆ ಬರುವುದು ಯಾವ ನ್ಯಾಯ?

ಕಟ್ಟಿದವರ ಕೈಯಿಂದ ಸಂಸ್ಥೆ ಬೇರೆಯವರ ಕೈಗೆ ಹೋದ ಇಂಥ ಕಥೆಗಳು ಈ ದೇಶದಲ್ಲಿ ಬೇಕಾದಷ್ಟಿವೆ. ಮಿಷನ್ ಆಸ್ಪತ್ರೆಯ ಡಾಕ್ಟರಮ್ಮ ಊರಿಗೆ ಮರಳುವಾಗ ನಮಗೆ ಬಿಟ್ಟುಹೋದ ಆಟಗಳ ಮತ್ತು ಕಿರುನಾಟಕಗಳ ಪುಸ್ತಕವನ್ನು ನೀನು ಮರೆತಿರಲಾರೆ. ಅದರಿಂದಲೇ ತಾನೆ ನಾವು ಲಗೋರಿ, ಖೊಖೊಗಳನ್ನು ಸೇರಿಸಿ ನಮ್ಮ ಮೊದಲ ಸೈಕ್ಲೋಸ್ಟೈಲ್ ಕೈಪಿಡಿಯನ್ನು ಮಾಡಿದ್ದು. ಡಾಕ್ಟರಮ್ಮನ ಆ ಪುಸ್ತಕವನ್ನು ಹೊರತಂದ ಯೂತ್ ಸ್ಪೆಷಾಲಿಟೀಸ್ ಎಂಬ ಕಂಪನಿಯನ್ನು ವೇಯ್ನ್ ರೈಸ್ ಮತ್ತು ಮೈಕ್ ಯಾಕೊನೆಲ್ಲಿ ಎಂಬ ಇಬ್ಬರು 1969ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಆರಂಭಿಸಿದರು. ಮರುವರ್ಷವೇ ಚರ್ಚುಗಳ ಯುವಜನ ಸೇವಕರಿಗೆಂದು ರಾಷ್ಟ್ರೀಯ ಸಮ್ಮೇಳನವನ್ನೂ ನಡೆಸಿದರು. ರೈಸ್ ಅವರು ಮುಂದೆ ಅದರಿಂದ ಹೊರಬಂದು ಹದಿಹರೆಯದ ಮಕ್ಕಳ ತಂದೆತಾಯಿಗಳಿಗಾಗಿ ಸೆಮಿನಾರುಗಳನ್ನು ನಡೆಸತೊಡಗಿದರು. ಯಾಕೊನೆಲ್ಲಿ 2003ರ ಅಕ್ಟೋಬರಿನಲ್ಲಿ ವಾಹನ ಅಪಘಾತದಲ್ಲಿ ತೀರಿಕೊಂಡರು. ಬಳಿಕ ಕಂಪನಿ 2006ರಲ್ಲಿ ಜೊಂಡರ್ವನ್ ಎಂಬ ದೊಡ್ಡ ಪ್ರಕಾಶನದ ಕೈಸೇರಿತು, 2009ರಲ್ಲಿ ಅಲ್ಲಿಂದ ಮಿನಿಯಾಪೊಲಿಸ್ಸಿನ ಯೂತ್‌ವರ್ಕ್ಸ್ ಎಂಬ ಸಂಸ್ಥೆಗೆ ಹೋಯಿತು. ಹದಿಹರೆಯದವರ ನಡುವೆ ಕೆಲಸ ಮಾಡುವ ಯಂಗ್ ಲೈಫ್ ಎಂಬ ಕ್ರೈಸ್ತ ಸಂಸ್ಥೆಯನ್ನು 1941ರಲ್ಲಿ ಟೆಕ್ಸಾಸಿನಲ್ಲಿ ಕಟ್ಟಿದ ಜಿಮ್ ರೇಬರ್ನ್ ಅವರದು ಇನ್ನೂ ಕಷ್ಟದ ಕಥೆ. 1964ರಲ್ಲಿ ಅವರ ಆಡಳಿತ ಮಂಡಳಿಯೇ ಅವರನ್ನು ಮುಖ್ಯಸ್ಥಾನದಿಂದ ಇಳಿಸಿತು. ಎರಡು ಸಂಸ್ಥೆಗಳೂ ಇಂದಿಗೂ ಕೆಲಸ ಮಾಡುತ್ತಿವೆ. ನಮ್ಮದನ್ನು ಯಾರೂ ಮಾರಲಾರರು, ಕೊಳ್ಳಲಾರರು; ಮುಚ್ಚಿದರೂ ಆಸ್ತಿ ಅಂಥದೇ ಇನ್ನೊಂದು ಸಂಸ್ಥೆಗೆ ಹೋಗಬೇಕೇ ಹೊರತು ಯಾರ ಜೇಬಿಗೂ ಹೋಗುವಂತಿಲ್ಲ. ಆ ಮಟ್ಟಿಗೆ ನಾನು ನೆಮ್ಮದಿಯಾಗಿದ್ದೇನೆ.

ಇನ್ನು ನಿನ್ನ ದೂರುಗಳು. ಕಚೇರಿಯ ಗೋಡೆಯಿಂದ ನನ್ನ ಫೋಟೊ ತೆಗೆದದ್ದನ್ನು ನೀನು ಎಲ್ಲಕ್ಕಿಂತ ಮೊದಲು ಬರೆದಿದ್ದೀಯ. ಬದುಕಿರುವವನ ಫೋಟೊಕ್ಕೆ ಪ್ಲಾಸ್ಟಿಕ್ ಹಾರ ಹಾಕಿ ತೂಗುಹಾಕಿದ್ದೇ ನನಗೆ ಮುಜುಗರವಾಗಿತ್ತು, ತೆಗೆದವರಿಗೆ ನನ್ನ ಪರವಾಗಿ ಥ್ಯಾಂಕ್ಸ್ ಹೇಳು. ಹೆಸರು ಬದಲಾಗುವುದೂ ನನಗೆ ದೊಡ್ಡ ಮಾತಲ್ಲ. ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆಯಲ್ಲಿ ಹುಟ್ಟಿದ ಎಷ್ಟು ಜನಕ್ಕೆ ಹೋಲ್‌ಸ್ಟನ್ ಎಂಬುದು ಈ ನಾಕ್ಸ್‌ವಿಲ್ಲಿನ ಪಕ್ಕದಲ್ಲಿ ಹರಿಯುವ ಒಂದು ನದಿಯೆಂದು ಗೊತ್ತು? ಗೊತ್ತಿಲ್ಲದಿದ್ದರೂ ಅಲ್ಲಿ ಹೆರಿಗೆಗಳು ಆಗಲಿಲ್ಲವೇ?

ಮಕ್ಕಳ ಸುರಕ್ಷತೆಯ ಹೊಸ ನಿಯಮಗಳ ವಿಷಯದಲ್ಲಂತೂ ನಾನು ಪೂರ್ತಿಯಾಗಿ ಅವರ ಕಡೆಗಿದ್ದೇನೆ. ಶಿಬಿರದ ಕೆಲಸಕ್ಕೆ ಬರುವ ಪ್ರತಿಯೊಬ್ಬರ ಪೊಲೀಸ್ ಪರಿಶೀಲನೆ, ಮಗುವಿನೊಡನೆ ಯಾರೂ ಒಬ್ಬರೇ ಕೋಣೆಯಲ್ಲಿ ಇರಬಾರದೆಂಬ ಕಟ್ಟಳೆ, ದೂರು ಬಂದರೆ ಹಿರಿಯರು ಕೂತು ಮುಚ್ಚಿಹಾಕದೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಬೇಕೆಂಬ ನಿಯಮ, ಇವುಗಳನ್ನು ನೀನು ನಮ್ಮಂಥ ಹಳಬರ ಮೇಲಿನ ಅನುಮಾನವೆಂದು ತಿಳಿದಿದ್ದೀಯ. ಇಲ್ಲಿಯ ಯುನೈಟೆಡ್ ಮೆಥಡಿಸ್ಟ್ ಚರ್ಚು 1996ರಿಂದಲೇ ಇಂಥ ನಿಯಮಗಳನ್ನು ರೂಢಿಗೆ ತಂದಿದೆ. ನಾನು ಭಾನುವಾರ ಮಕ್ಕಳಿಗೆ ಒಂದು ಹಾಡು ಕಲಿಸುತ್ತೇನೆ ಎಂದಾಗಲೂ ಮೊದಲು ನನ್ನ ಹಿನ್ನೆಲೆಯನ್ನು ಪರಿಶೀಲಿಸಿದರು. ಬಿಳಿಗೂದಲಿನವನನ್ನೂ ಬಿಡಲಿಲ್ಲವಲ್ಲ ಎಂದು ನನಗೆ ಸಮಾಧಾನವೇ ಆಯಿತು.

ನನಗೆ ನಿಜವಾಗಿ ನೋವಾದದ್ದು ದಸರೆಯ ಶಿಬಿರದ ವಿಷಯದಲ್ಲಿ. ನಮ್ಮ ಶಿಬಿರದ ರೀತಿ ನಮ್ಮ ತಲೆಯಿಂದ ಬಂದದ್ದಲ್ಲ. 1923ರಿಂದ ನಡೆದುಬಂದ, ಈಗ ತೆಲಂಗಾಣದಲ್ಲಿರುವ ಧಾರೂರಿನ ಕ್ರೈಸ್ತ ಜಾತ್ರೆಗೆ ಅವ್ವ ಅಪ್ಪ ಜೋಳದ ಹಿಟ್ಟು, ಬೇಳೆ, ಹಾಸಿಗೆಗಳನ್ನು ಕಟ್ಟಿಕೊಂಡು ಹೋಗಿ ಮರದ ಕೆಳಗೆ ಒಲೆ ಹೂಡುತ್ತಿದ್ದದ್ದನ್ನು ನೋಡಿ ಕಲಿತದ್ದು. ಔರಾದ್, ಭಾಲ್ಕಿ, ಹುಮನಾಬಾದಿನ ಹಳ್ಳಿಗಳಿಂದ ಮಕ್ಕಳು ಮನೆಯಿಂದಲೇ ರೊಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದರು, ಹೊಲವಿದ್ದವರ ಮನೆಯಿಂದ ತೊಗರಿಬೇಳೆ ಬರುತ್ತಿತ್ತು, ಶಾಲೆಯ ವರಾಂಡವೇ ಮಲಗುವ ಜಾಗವಾಗುತ್ತಿತ್ತು. ಕೊಡಲು ಏನೂ ಇಲ್ಲದವನೂ ನೀರು ಹೊತ್ತು ಪಾಲುದಾರನಾಗುತ್ತಿದ್ದ. ನಾಟಕವನ್ನು ಅವರೇ ಬರೆದು ಅವರೇ ಆಡುತ್ತಿದ್ದರು. ಕೆಟ್ಟದಾಗಿ ಆಡುತ್ತಿದ್ದರೆಂಬುದೂ ನಿಜ. ಈಗಿನ ಸಮ್ಮೇಳನದ ವಿಡಿಯೊವನ್ನು ನಾನು ಪೂರ್ತಿಯಾಗಿ ನೋಡಿದೆ. ಬೆಳಕು, ಪರದೆ, ವಾದ್ಯತಂಡ ಯಾವುದಕ್ಕೂ ಕೊರತೆಯಿಲ್ಲ, ಹಾಡುವವರು ನಮಗಿಂತ ಎಷ್ಟೋ ಚೆನ್ನಾಗಿ ಹಾಡುತ್ತಾರೆ. ಎದುರಿಗೆ ಕುಳಿತ ಮಕ್ಕಳಿಗೆ ಮಾತ್ರ ನೋಡುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ.

ಚರ್ಮವಾದ್ಯವಾದ ಹಲಗೆಯ ಪ್ರಸಂಗ ನಿನಗೆ ನೆನಪಿದೆಯಲ್ಲ. ಊರಿನ ಮದುವೆಗೂ ಸಾವಿಗೂ ಹಲಗೆ ಬಾರಿಸುವುದು ನಮ್ಮ ಹಿರಿಯರ ಪಾಲಿಗೆ ಬಂದ ಬಿಟ್ಟಿ ಕೆಲಸವಾಗಿದ್ದರಿಂದ, ಕ್ರೈಸ್ತರಾದ ಮೇಲೆ ಅವರು ಅದನ್ನು ಕೈಯಿಂದ ಇಳಿಸಿದ್ದರು; ಅದನ್ನು ಇಳಿಸಿದ್ದೇ ಅವರಿಗೆ ಮರ್ಯಾದೆಯಾಗಿತ್ತು. ಭಾಲ್ಕಿ ಕಡೆಯ ಹುಡುಗನೊಬ್ಬ ಅಜ್ಜನ ಹಲಗೆಯನ್ನು ಗೋಣಿಚೀಲದಲ್ಲಿ ಮುಚ್ಚಿಕೊಂಡು ಶಿಬಿರಕ್ಕೆ ತಂದಾಗ ನಾನು ಅದನ್ನು ಬೆಂಕಿಗೆ ಕಾಸಿ ಕೀರ್ತನೆಗೆ ಬಾರಿಸೆಂದೆ. ಹಿರಿಯರು ಎದ್ದು ನಿಂತರು. ಆ ರಾತ್ರಿಯೆಲ್ಲ ವಾದ ನಡೆಯಿತು, ಬೈಗುಳವೂ ಆಯಿತು. ಆದರೂ ಮರುದಿನ ಅವರು ಊರಿಗೆ ಹೊರಟುಹೋಗಲಿಲ್ಲ. ನಮ್ಮ ತಪ್ಪಾದರೆ ಅದರ ಫಲ ತಮ್ಮ ಮಕ್ಕಳ ಮೇಲೆ ಬೀಳುತ್ತದೆಂದು ಅವರಿಗೆ ಗೊತ್ತಿತ್ತು, ಹಾಗಾಗಿ ಅಲ್ಲೇ ಇದ್ದು ಕಾವಲು ಕಾದರು. ನನಗೆ ಆ ಹಕ್ಕು ಈಗ ಇಲ್ಲ. ಸಮ್ಮೇಳನ ಒಳ್ಳೆಯದಾದರೂ ಕೆಟ್ಟದಾದರೂ ಟೆನ್ನೆಸ್ಸಿಯಲ್ಲಿ ಕುಳಿತ ನನ್ನ ಮನೆಯ ಯಾವ ಮಗುವಿಗೂ ಅದು ತಟ್ಟುವುದಿಲ್ಲ. ತಟ್ಟದವನು ಸಹಿ ಹಾಕಿದ ಪತ್ರವನ್ನು ತಟ್ಟುವವರೆದುರು ಓದಿ ಅವರ ಬಾಯಿ ಕಟ್ಟುವುದು ನನಗೆ ಬೇಡ. ನನ್ನ ಹೆಸರು ಓದಿದರೆ ಯಾರೂ ಎದುರಾಡುವುದಿಲ್ಲವೆಂಬುದು ನಿನ್ನ ಲೆಕ್ಕ. ಆ ಕಾರಣಕ್ಕೇ ಅದನ್ನು ಓದಬಾರದು.

ಹೈದರಾಬಾದಿಗೆ ಹೋಗುವುದಕ್ಕೆ ಹೊಸ ನಿರ್ದೇಶಕರು ಕೊಟ್ಟಿರುವ ಕಾರಣವನ್ನು ನೀನು ನೆಪವೆಂದು ತಳ್ಳಿಹಾಕಿದ್ದೀಯ. ನನಗೆ ಹಾಗೆ ಕಾಣಲಿಲ್ಲ. ನಮ್ಮ ಹುಡುಗರು ಹಳ್ಳಿಯಲ್ಲಿ ಉಳಿದಿಲ್ಲ, ಹೋದವರಲ್ಲಿ ಹೆಚ್ಚಿನವರು ಹೈದರಾಬಾದಿನಲ್ಲಿದ್ದಾರೆ, ಅವರಿರುವಲ್ಲಿಗೆ ನಾವು ಹೋಗಬೇಕು ಎಂಬುದು ಸರಿಯಾದ ಮಾತೇ. ಆದರೆ ಬೀದರಿನಿಂದ ಬಸ್ಸು ಜಹೀರಾಬಾದ್, ಸಂಗಾರೆಡ್ಡಿ ದಾಟಿದ ಮೇಲೆ ಪಟಾನ್‌ಚೆರು ಸಿಗುತ್ತದೆ. ನಮ್ಮ ಹುಡುಗರು ಇಳಿಯುವುದು ಅಲ್ಲಿ, ಅಲ್ಲಿಯ ಕಾರ್ಖಾನೆಗಳ ಬಾಗಿಲಲ್ಲಿ, ಇಲ್ಲವೇ ಊರ ಅಂಚಿನ ಕಟ್ಟಡ ಕೆಲಸಗಳಲ್ಲಿ. ಸಮ್ಮೇಳನವೋ ಅದರಾಚೆಯ ರಿಸಾರ್ಟಿನಲ್ಲಿ, ಇಂಗ್ಲಿಷಿನಲ್ಲಿ, ಕೂಲಿ ಮಾಡುವ ಹುಡುಗ ವಾರವೆಲ್ಲ ದುಡಿದರೂ ಹುಟ್ಟದ ಶುಲ್ಕದಲ್ಲಿ ನಡೆಯುತ್ತದೆ. ಅಲ್ಲಿಯ ಸಭಾಂಗಣದಲ್ಲಿ ಸಾಫ್ಟ್‌ವೇರ್ ಕಚೇರಿಗಳ ಮಕ್ಕಳಿದ್ದಾರೆ. ಅವರಿಗೂ ದೇವರ ವಾಕ್ಯ ಬೇಕು, ಬೇಡವೆನ್ನುವುದಿಲ್ಲ. ಆದರೆ ನಮ್ಮ ಹುಡುಗರನ್ನು ಹುಡುಕಿಕೊಂಡು ಹೋದೆವೆಂದು ವರದಿಯಲ್ಲಿ ಬರೆಯುವಂತಿಲ್ಲ.

ಆದ್ದರಿಂದ ನಿನ್ನ ಸಿಟ್ಟನ್ನು ಹತ್ತು ಕಡೆ ಚೆಲ್ಲಬೇಡ. ಹೆಸರಿನ ಬದಲಾವಣೆಗೆ ವಿಶೇಷ ಠರಾವು ಬೇಕು, ವಿರೋಧದ ಮೂರು ಪಟ್ಟು ಮತ ಪರವಾಗಿ ಬೀಳಬೇಕು. ಅವರಿಗೆ ಹಳಬರ ಮತಗಳಿಲ್ಲದೆ ಅದು ಸಾಧ್ಯವಿಲ್ಲವೆಂದು ನನ್ನ ಅಂದಾಜು. ಹೆಸರನ್ನು ಕೊಟ್ಟುಬಿಡು. ಕಚೇರಿಯನ್ನೂ ಬೇಕಾದರೆ ಒಯ್ಯಲಿ. ಅದಕ್ಕೆ ಪ್ರತಿಯಾಗಿ, ದಸರೆ ರಜೆಯಲ್ಲಿ ಬೀದರ್ ಜಿಲ್ಲೆಯೊಳಗೆ, ಕನ್ನಡದಲ್ಲಿ, ಶುಲ್ಕವಿಲ್ಲದೆ ಒಂದು ಶಿಬಿರ ನಡೆಯಲೇಬೇಕು, ಅದರ ಖರ್ಚಿಗೆಂದು ಆಯವ್ಯಯದಲ್ಲಿ ಪ್ರತ್ಯೇಕ ಮೊತ್ತ ತೆಗೆದಿಡಬೇಕು ಎಂದು ಕೇಳಿ. ಸುಮ್ಮನೆ ಬಾಯಿಮಾತಿನ ಭರವಸೆಗೆ ಒಪ್ಪಬೇಡಿ, ನಡವಳಿ ಪುಸ್ತಕದಲ್ಲಿ ಬರೆಸಿ.

ಆದರೆ ಅದನ್ನು ಕೇಳುವವನು ನೀನಾಗಬೇಡ. ನೀನು ಎದ್ದು ನಿಂತರೆ ಅವರಿಗೆ ಅಣ್ಣನ ಪರವಾಗಿ ತಮ್ಮ ಮಾತಾಡಿದನೆಂದಷ್ಟೇ ಕೇಳಿಸುತ್ತದೆ. ಔರಾದ್ ತಾಲ್ಲೂಕಿನಿಂದ ಶಿಬಿರಕ್ಕೆ ಬಂದು ಅಡುಗೆಯ ಪಾತ್ರೆ ತೊಳೆಯುವ ಸರದಿಯಲ್ಲಿ ಅತ್ತು ರಂಪ ಮಾಡಿದ್ದ ಹುಡುಗಿ ಈಗ ಹೈಸ್ಕೂಲಿನಲ್ಲಿ ಗಣಿತದ ಟೀಚರು, ಸಂಸ್ಥೆಯ ಸದಸ್ಯೆಯೂ ಹೌದು. ಅವಳ ಇಬ್ಬರು ಮಕ್ಕಳು ಇನ್ನೆರಡು ವರ್ಷದಲ್ಲಿ ಶಿಬಿರದ ವಯಸ್ಸಿಗೆ ಬರುತ್ತಾರೆ. ಅವಳು ಲೆಕ್ಕ ಇಟ್ಟು ಮಾತಾಡುತ್ತಾಳೆ, ಯಾರಿಗೂ ಹೆದರುವುದಿಲ್ಲ, ನನ್ನ ಮೇಲೂ ಅವಳಿಗೆ ಕೆಲವು ತಕರಾರುಗಳಿವೆ. ಪತ್ರಿಕೆಯಲ್ಲಿ ಹೆಣ್ಣುಮಕ್ಕಳ ಬರಹಗಳನ್ನು ಕೊನೆಯ ಪುಟಕ್ಕೆ ಹಾಕುತ್ತಿದ್ದೆನೆಂದು ಇಲ್ಲಿಗೆ ಫೋನು ಮಾಡಿದಾಗಲೂ ಹೇಳಿದಳು. ಅವಳೇ ಕೇಳಲಿ. ನೀನು ಪಕ್ಕದಲ್ಲಿ ಕುಳಿತು, ಹಳೆಯ ಶಿಬಿರಗಳ ಖರ್ಚಿನ ವಹಿಗಳನ್ನು ಅವಳಿಗೆ ಒದಗಿಸು. ಅವು ಅವ್ವನ ಕಬ್ಬಿಣದ ಟ್ರಂಕಿನಲ್ಲಿ, ಬೈಬಲ್ಲುಗಳ ಕೆಳಗೆ ಇವೆ.

ಸಭೆಯಲ್ಲಿ ನನ್ನ ಬದಲು ಇನ್ನೊಬ್ಬರು ಮತ ಹಾಕಲೆಂದು ನೀನು ಕಳುಹಿಸಿದ ಪ್ರಾಕ್ಸಿ ಫಾರ್ಮನ್ನು ಅಚ್ಚು ತೆಗೆಸಿ ತುಂಬಿದ್ದೇನೆ; ನಿನ್ನ ಹೆಸರಿನ ಜಾಗದಲ್ಲಿ ಅವಳ ಹೆಸರು ಬರೆದಿದ್ದೇನೆ, ಬೇಸರಪಡಬೇಡ. ಮೂಲ ಪ್ರತಿ ನಾಳೆ ಕೊರಿಯರಿನಲ್ಲಿ ಹೊರಡುತ್ತದೆ. ಸಭೆಗೆ 48 ಗಂಟೆ ಮುಂಚೆ ಅದು ಕಚೇರಿಗೆ ಸೇರಬೇಕಾದ್ದರಿಂದ, ಕೈಗೆ ಸಿಕ್ಕ ದಿನವೇ ನೀನೇ ಹೋಗಿ ಕೊಟ್ಟು, ತಲುಪಿದ್ದಕ್ಕೆ ಸೀಲು ಹಾಕಿಸಿಕೊಂಡು ಬಾ.

ಇಂತಿ ನಿನ್ನ
ಅಣ್ಣ