ಪಾವತಿ ಬುಕ್ಕಿನ ಖಾಲಿ ಗೆರಿ

ಸಣ್ಣಿ,

ನಿನ್ನೆ ರಾತ್ರಿ ನಿಮ್ಮವ್ವ ಫೋನ್ ಮಾಡಿದ್ಲು, ನೀ ಉಣ್ಣದ ಮಲಗೀಯಂತ, ಯಾರೋ ದೇಣಿಗಿ ಕೊಟ್ಟ ಅಜ್ಜ ಫೋನ್‌ನ್ಯಾಗ ಬೈದ್ನಂತ. ಎಂಕಾಂ ಫಸ್ಟ್ ಕ್ಲಾಸ್ ಆದಾಕಿ ಯುನಿವರ್ಸಿಟಿ ದೇಣಿಗಿ ಆಫೀಸಿನ್ಯಾಗ ಕುಂತು ಕವರಿಗೆ ಅಡ್ರೆಸ್ ಹಚ್ಚೋದು, ರೊಕ್ಕ ಮುಟ್ಟಿದ ಪಾವತಿ ಪ್ರಿಂಟ್ ತಗಿಯೋದು, ಸಾಹೇಬ್ರ ಮೀಟಿಂಗಿಗೆ ಚಾ ಹೇಳೋದು ಇದನ್ನ ಮಾಡಾಕ ಕಲತ್ನೇನು ಅಂತ ಅತ್ತೀಯಂತ. ಫೋನ್ ಹಚ್ಚಿದ್ರ ನೀ ಬರೇ ಹೂಂ ಹೂಂ ಅಂತಿ, ಅದಕ್ಕ ಚಷ್ಮಾ ಹಾಕ್ಕೊಂಡು ಒಂದೊಂದ ಅಕ್ಷರ ಹುಡುಕಿ ಟೈಪ್ ಮಾಡಾಕತ್ತೀನಿ, ಉದ್ದಾತು ಅಂತ ಅರ್ಧಕ್ಕ ಬಿಡಬ್ಯಾಡ.

ಮೊದ್ಲ ಆ ಅಜ್ಜಂದು. ಪಾವತಿಯೊಳಗ ಅವ್ರ ಹೆಸರಿನ್ಯಾಗ ಒಂದ ಅಕ್ಷರ ತಪ್ಪಿತ್ತು, ನೀ ಏನಂದಿ, ಸಾಫ್ಟ್‌ವೇರ್ ಹಂಗ ತಗೊಂಡೈತ್ರಿ ಅಂದಿ. ಅಲ್ಲವಾ, ಸಾಫ್ಟ್‌ವೇರ್ ಎದ್ದು ಬಂದು ಟೈಪ್ ಮಾಡ್ತೇನು? ಅವ್ರು ಬೈದಿದ್ದು ತಪ್ಪಿಗಲ್ಲ, ಈ ಮಾತಿಗೆ. ತಪ್ಪಾತ್ರಿ ಅಜ್ಜಾರ, ಇವತ್ತ ತಿದ್ದಿ ಕಳಸ್ತೀನಿ ಅಂದಿದ್ರ ಅಲ್ಲಿಗೇ ಮುಗೀತಿತ್ತು. ಹುಬ್ಬಳ್ಳಿ ಹಳೇ ಬಸ್ ಸ್ಟ್ಯಾಂಡಿನ್ಯಾಗ ನಿಂತು "ಬಸವರಾಜ ಪಾಟೀಲ್ರ" ಅಂತ ಒದರು, ನಾಕ ಮಂದಿ ಹೊಳ್ಳಿ ನೋಡ್ತಾರ. ಒಬ್ಬಾಂವ ಇಂಗ್ಲಿಷಿನ್ಯಾಗ ವಿ ಹಾಕ್ತಾನ, ಒಬ್ಬಾಂವ ಡಬ್ಲ್ಯೂ, ಇನ್ನೊಬ್ಬಾಂವ ನಡುವಿನ ಎ ನುಂಗಿ ಬಿಡ್ತಾನ. ನಿಂಗ ಎಲ್ಲಾರೂ ಒಂದ. ಇನ್ಕಮ್ ಟ್ಯಾಕ್ಸಿನವ್ರಿಗೆ ಒಂದಲ್ಲ. ಪ್ಯಾನ್ ಕಾರ್ಡಿನ್ಯಾಗ ಹೆಂಗೈತೋ ಹಂಗ ಬರಿ, ಮಗ್ಗಲಕ ಊರು, ಯಾವ ವರ್ಷ ಪಾಸಾದ್ರು, ಫೋನ್ ನಂಬರ್ ಇಷ್ಟೂ ಬರಿ. ಕನ್ನಡದಾಗ ಹೆಸರು ಹೆಂಗ ಬರೀತಾರ ಅದನ್ನೂ ಕೇಳು, ನಾಳೆ ಕಲ್ಲಿನ ಮ್ಯಾಲ ಕೆತ್ತಸೋದು ಬಂದ್ರ ಕೆತ್ತಾಂವ ನಿನ್ನ ಪಟ್ಟಿ ನೋಡೇ ಕೆತ್ತತಾನ.

ನಿಂಗ ಇದು ಬರೇ ಪ್ರಿಂಟ್ ಅನಸಾಕತ್ತೈತಿ. 2021-22ರಿಂದ ಹೆಂಗಾಗೈತಿ ಅಂದ್ರ, ಕೊಟ್ಟವ್ರ ಹೆಸರು, ಪ್ಯಾನ್ ನಂಬರ್, ಎಷ್ಟ ಕೊಟ್ರು ಎಲ್ಲಾ ಇನ್ಕಮ್ ಟ್ಯಾಕ್ಸಿನವ್ರ ಟೆನ್ ಬಿಡಿ ಫಾರ್ಮಿನ್ಯಾಗ ತುಂಬಿ ಮೇ 31ರ ಒಳಗ ಕಳಸಬೇಕು, ಆಮ್ಯಾಲ ಅಲ್ಲಿಂದ ಟೆನ್ ಬಿಇ ಸರ್ಟಿಫಿಕೇಟ್ ಡೌನ್‌ಲೋಡ್ ಮಾಡಿ ಅವ್ರಿಗೆ ಮುಟ್ಟಸಬೇಕು. ತಡಾ ಆದ್ರ ದಿನಕ್ಕ 200 ರೂಪಾಯಿ ಫೀ ಬೀಳ್ತೈತಿ. ಪ್ಯಾನಿನ ಒಂದ ಅಕ್ಷರ ತಪ್ಪಿದ್ರ ಆ ಅಜ್ಜಗ 80ಜಿ, ಅಂದ್ರ ದೇಣಿಗಿ ಮ್ಯಾಲಿನ ಟ್ಯಾಕ್ಸ್ ವಿನಾಯಿತಿ, ಸಿಗೂದಿಲ್ಲ, ಪೆನ್ಶನ್‌ನ್ಯಾಗ ಕಡಿಮಿ ಮಾಡಿ ಕೊಟ್ಟ ರೊಕ್ಕಕ್ಕ ಮತ್ತ ಟ್ಯಾಕ್ಸ್ ಕಟ್ತಾರ. ಇನ್ನ 2026ರ ಏಪ್ರಿಲ್ 1ರಿಂದ ಹೊಸಾ ಇನ್ಕಮ್ ಟ್ಯಾಕ್ಸ್ ಕಾಯ್ದೆ, ಅದರಾಗ ಸೆಕ್ಷನ್ ನಂಬರ್ ಬ್ಯಾರೆ, ಫಾರ್ಮಿನ ನಂಬರೂ ಬದಲಾಗಿರಬಹುದು, ಅಕೌಂಟ್ಸ್‌ನವ್ರನ್ನ ಕೇಳಿ ನಿನ್ನ ಪತ್ರದಾಗ ತಿದ್ದಕೋ, ಮಂದಿ ಬಾಯಾಗ ಮಾತ್ರ ಇನ್ನೂ ಹತ್ತ ವರ್ಷ 80ಜಿ ಅಂತನ ಇರ್ತೈತಿ. ರೋಖ, ಅಂದ್ರ ಕ್ಯಾಶ್, 2,000ಕ್ಕಿಂತ ಹೆಚ್ಚ ಕೊಟ್ರ ಅದಕ್ಕ ವಿನಾಯಿತಿ ಇಲ್ಲ, ಅದನ್ನ ರೊಕ್ಕ ತಗೊಳ್ಳೋ ಮೊದ್ಲ ಹೇಳು, ತಗೊಂಡ ಮ್ಯಾಲ ಹೇಳಿದ್ರ ಮೋಸ ಮಾಡಿದಂಗ ಆಕ್ಕೈತಿ. ಹೊಸಾ ಟ್ಯಾಕ್ಸ್ ಪದ್ಧತಿ ತಗೊಂಡವ್ರಿಗೆ 80ಜಿ ಸಿಗೂದೇ ಇಲ್ಲ. ಟ್ಯಾಕ್ಸ್ ಉಳೀತೈತಿ ಬರ್ರಿ ಅಂತ ಎಲ್ಲಾರಿಗೂ ಒಂದ ಮೆಸೇಜ್ ಒಗೀಬ್ಯಾಡ. ಕಂಪ್ಯೂಟರ್, ಪುಸ್ತಕ ಹಿಂಗ ಸಾಮಾನು ಕೊಟ್ಟವ್ರಿಗೂ ವಿನಾಯಿತಿ ಇಲ್ಲ, ಆದ್ರ ಮುಟ್ಟಿತ್ರಿ ಅಂತ ಕಾಗದ ಅವ್ರಿಗೂ ಹೋಗಬೇಕು.

ಈಗ ನಂದು ಕೇಳು. ಇದನ್ನ ನಿಮ್ಮವ್ವಗೂ ಪೂರಾ ಹೇಳಿಲ್ಲ.

ನಾ ಒಂದು ಶಿಕ್ಷಣ ಸಂಸ್ಥೆ ಆಫೀಸಿನ್ಯಾಗ ಕ್ಲರ್ಕ್ ಇದ್ನೆಲ್ಲ, ಸೇರಿ ನಾಕೈದು ವರ್ಷ ಆಗಿತ್ತು, 1994ರ ಮಾರ್ಚ್. ರೋಣದ ಕಡಿ ಒಬ್ರು ರೈತ್ರು ಬಂದ್ರು, ಹೆಂಡ್ತಿ ತೀರಿಕೊಂಡು ವರ್ಷ ಆಗಿತ್ತಂತ. ಆಕಿ ಓದಿದಾಕಿ ಅಲ್ಲ, ಆದ್ರ ಹೆಣ್ಣ ಹುಡುಗ್ಯಾರು ಓದಬೇಕು ಅಂತಿದ್ಲಂತ, ಆಕಿ ಹೆಸರಿಲೆ 5,000 ರೂಪಾಯಿ ಇಡ್ರಿ, ಬಡ್ಡಿ ಒಳಗ ವರ್ಷಾ ಕನ್ನಡದಾಗ ಹೆಚ್ಚ ಮಾರ್ಕ್ಸ್ ತಗೊಂಡ ಹುಡುಗಿಗೆ ಬಹುಮಾನ ಕೊಡ್ರಿ ಅಂದ್ರು. ಹೂನ್ರಿ ಅಂದ್ನಿ. ಪಾವತಿ ಬರದ್ನಿ, ಹೆಸರು, ರಕಮು, ತಾರೀಖು, ಶಿಕ್ಕಾ. ಬಾಬ್ತು, ಅಂದ್ರ ಯಾತಕ್ಕ ಕೊಟ್ಟಿದ್ದು, ಅಂತ ಒಂದ ಗೆರಿ ಇರತೈತಲ್ಲ, ಅದನ್ನ ಆಮ್ಯಾಲ ಬರದ್ರಾತು ಅಂತ ಖಾಲಿ ಬಿಟ್ನಿ, ಹಿಂದ ಮಂದಿ ನಿಂತಿತ್ತು, ಮಾರ್ಚ್ ಆಖರಿ, ಮತ್ತ ನಂಗ ನೆನಪ ಇರತೈತಿ ಅಂತ ಸೊಕ್ಕು. ಖತಾವಣಿ ಬರಿಯಾಂವ ಖಾಲಿ ಇದ್ದದ್ದನ್ನ ನೋಡಿ ಕಟ್ಟಡ ನಿಧಿಗೆ ಹಾಕಿದ. ಆ ವರ್ಷ ಕಟ್ಟಡ ನಡದಿತ್ತು, ಎಲ್ಲಾ ಅದಕ್ಕ ಹೋಗತಿತ್ತು.

ಮುಂದಿನ ಗ್ಯಾದರಿಂಗಿಗೆ ಅವ್ರು ಬಂದ್ರು. ಇಸ್ತ್ರಿ ಮಾಡಿದ ಧೋತ್ರ, ಪಟಕಾ, ಸಂಗಾಟ ಇಬ್ರು ಹೆಣ್ಣಮಕ್ಕಳು, ಬೀಗರು ಯಾರೋ. ನಾನ ಅವ್ರನ್ನ ನೋಡಿ ನಕ್ಕು ಕುಂಡ್ರಿಸೀನಿ, ನೋಡು. ಬಹುಮಾನ ಎಲ್ಲಾ ಓದಿ ಮುಗೀತು, ವಂದನಾರ್ಪಣೆ ಆತು, ಆಕಿ ಹೆಸರು ಬರಲಿಲ್ಲ. ಅವಾಗ ನಂಗ ನೆನಪಾತು. ಮರುದಿನ ಅವ್ರು ಸೀದಾ ನನ್ನ ಟೇಬಲ್ಲಿಗೆ ಬಂದು ನಾಕ ಮಡಿಕಿ ಮಾಡಿದ ಪಾವತಿ ಬಿಚ್ಚಿ ಇಟ್ರು. "ಇದರಾಗ ಆಕಿ ಹೆಸರು ಎಲ್ಲೈತಿ ತೋರಸಬೇ" ಅಂದ್ರು. ಬೈದಿಲ್ಲ, ಒದರಿಲ್ಲ. ನಿನ್ನ ಅಜ್ಜ ಬೈದ್ರಲ್ಲ, ನೀ ಪುಣ್ಯಾ ಮಾಡಿದಿ.

ಕಟ್ಟಡದಾಗ ಹೋದ ರೊಕ್ಕ ಹೊರಗ ತಗಿಯೋದು ಅಂದ್ರ ಕಮಿಟಿ ಕೂಡಬೇಕು, ಠರಾವು ಆಗಬೇಕು, ಆಡಿಟರ್ ಒಪ್ಪಬೇಕು. ನಾಕ ತಿಂಗಳು ತಿರುಗಿದ್ನಿ. ಮರುವರ್ಷ ಹೆಸರು ಓದಿದ್ರು. ಅವ್ರು ಬರಲಿಲ್ಲ, ದೊಡ್ಡ ಮಗಳು ಬಂದಿದ್ಲು, ನನ್ನ ಸಂಗಾಟ ಮಾತಾಡಲಿಲ್ಲ.

ಅವತ್ತಿಂದ ರಿಟೈರ್ ಆಗೂ ತನಾ ನಾ ಬಾಬ್ತು ಮೊದ್ಲ ಬರದು ಆಮ್ಯಾಲ ರಕಮು ಬರೀತಿದ್ನಿ. ನೀನೂ ಕೇಳು, ಯಾರ ಹೆಸರಿಲೆ, ಯಾತಕ್ಕ, ಅಸಲು ಹಂಗ ಇರಬೇಕೋ ಖರ್ಚ್ ಮಾಡಬಹುದೋ. ಅವ್ರು ಬಾಯಿಲೆ ಹೇಳಿದ್ದನ್ನ ಅವ್ರ ಮಾತಿನ್ಯಾಗ ಅವತ್ತ ಬರದು ಫೈಲಿಗೆ ಹಾಕು. ಟೆನ್ ಬಿಡಿನೂ ಅದನ್ನ ಕೇಳ್ತೈತಿ, ಅಸಲು ಹಂಗ ಇಡೋ ಕಾರ್ಪಸ್ಸೋ, ನಿರ್ದಿಷ್ಟ ಕೆಲಸಕ್ಕೋ ಅಂತ. ನೀ ಧಾರವಾಡದಾಗ ಇದ್ದಿ, 1890ರಿಂದ ಇರೋ ವಿದ್ಯಾವರ್ಧಕ ಸಂಘಕ್ಕ ಒಂದ ಸಂಜಿ ಹೋಗು, ದತ್ತಿ ಉಪನ್ಯಾಸ ಇದ್ದಾಗ. ಯಾರ ದತ್ತಿ ಅಂತ ಮೊದ್ಲ ಹೇಳ್ತಾರಲ್ಲ, ಅವಾಗ ಮುಂದಿನ ಸಾಲಿನ್ಯಾಗ ಕುಂತ ಮನಿ ಮಂದಿ ಮಾರಿ ನೋಡು.

ಇನ್ನ ಸಣ್ಣ ಪುಟ್ಟಾವು. ಪಾವತಿ ತಪ್ಪಿದ್ರ ವೈಟ್‌ನರ್ ಹಚ್ಚಬ್ಯಾಡ, ರದ್ದು ಅಂತ ಅಡ್ಡ ಬರದು ಎಲ್ಲಾ ಪ್ರತಿ ಬುಕ್ಕಿನ್ಯಾಗ ಇಟ್ಟು ಹೊಸಾದು ಹರಿ. ಯಾರರೆ ರೋಖ ಕೊಟ್ಟು ಪಾವತಿ ನಾಳೆ ಕೊಡವ ಅಂದ್ರ ತಗೋಬ್ಯಾಡ, ನಿನ್ನ ವ್ಯಾನಿಟಿ ಬ್ಯಾಗಿನ್ಯಾಗ ಆಫೀಸ್ ರೊಕ್ಕ ಒಂದ ರಾತ್ರಿನೂ ಇರಬಾರ್ದು, ಸಾಹೇಬ್ರ ಹೇಳಿದ್ರೂ ಅಷ್ಟ. ಚೆಕ್ ಬಂದ ದಿನ ತಾರೀಖು ನೋಡು, ಮೂರ ತಿಂಗಳಿಗೆ ಸಾಯ್ತೈತಿ, ಟೇಬಲ್ ಡ್ರಾವರ್ ಒಳಗ ಇಟ್ಟು ಮರತು ಮತ್ತೊಂದು ಕೊಡ್ರಿ ಅಂತ ಕೇಳೋದಕ್ಕಿಂತ ನಾಚಿಕಿ ಇಲ್ಲ.

ಅಮೆರಿಕಾದಾಗ ಇರೋ ಹಳೇ ವಿದ್ಯಾರ್ಥಿ ರೊಕ್ಕ ಕಳಸ್ತೀನಿ ಅಂದ್ರ ಖುಷಿ ಆಗಿ ಅಕೌಂಟ್ ನಂಬರ್ ಕೊಟ್ಟು ಬಿಡಬ್ಯಾಡ. ಪಾಸ್‌ಪೋರ್ಟ್ ಯಾವ ದೇಶದ್ದು ಕೇಳು. ನಮ್ಮ ಪಾಸ್‌ಪೋರ್ಟ್ ಇಟ್ಟಕೊಂಡಾಂವ ತನ್ನ ಉಳಿತಾಯದ್ದು ಬ್ಯಾಂಕಿಲೆ ಕಳಸಿದ್ರ ಅದು ವಿದೇಶಿ ದೇಣಿಗಿ ಅಲ್ಲ, ಆದ್ರ ಅಲ್ಲಿ ನಾಗರಿಕ ಆಗಿದ್ರ, ಭಾರತ ಮೂಲದ ವಿದೇಶಿ ನಾಗರಿಕರಿಗೆ ಕೊಡೋ ಓಸಿಐ ಕಾರ್ಡ್ ಇದ್ರೂ, ವಿದೇಶಿದೇ. ಅದಕ್ಕ ಎಫ್‌ಸಿಆರ್‌ಎ ಕಾಯ್ದೆ ಐತಿ, ಅದು ಲಾಗೂ ಆಗೋ ಸಂಸ್ಥೆಗಳು ದಿಲ್ಲಿ ಸ್ಟೇಟ್ ಬ್ಯಾಂಕ್ ಮೇನ್ ಬ್ರ್ಯಾಂಚಿನ ಖಾತೇಕ ಅಷ್ಟ ತಗೋಬೇಕು. ನೀ ಬರೇ ಕೇಳಿ ಬರದು ಮ್ಯಾಲ ಕಳಸು, ಮುಂದಿನದು ಅಕೌಂಟ್ಸ್ ಆಫೀಸರ್ ನೋಡಕೋತಾರ. ಕಂಪನಿಗಳು ಸಮಾಜದ ಕೆಲಸಕ್ಕ ಕೊಡೋ ಸಿಎಸ್‌ಆರ್ ರೊಕ್ಕದ್ದು ಬ್ಯಾರೇ ಕಥಿ, ಖರ್ಚಿನ ಬಿಲ್ಲು, ಫೋಟೋ, ರಿಪೋರ್ಟು ಎಲ್ಲಾ ಕೇಳ್ತಾರ, ಮೊದಲನೇ ದಿನದಿಂದ ಒಂದ ಫೋಲ್ಡರ್ ಮಾಡಿಡು.

ತೀರಿಕೊಂಡವ್ರ ಪಟ್ಟಿ ತಪ್ಪದ ತಿದ್ದು. ನಿಮ್ಮ ದೊಡ್ಡಪ್ಪ ಹೋಗಿ ಎರಡ ವರ್ಷ ಆದ್ರೂ ಎಲ್ಲಿಂದಲೋ ಅವ್ರ ಹೆಸರಿಗೆ "ತಮ್ಮ ಉದಾರ ಮನಸ್ಸಿಗೆ" ಅಂತ ಪತ್ರ ಬರತಿತ್ತು, ಪ್ರತಿ ಸರೆ ಓದಿ ಹರೀತಿದ್ನಿ. 500 ಕೊಟ್ಟವ್ರಿಗೂ ವಾರದಾಗ ಥ್ಯಾಂಕ್ಸ್ ಪತ್ರ ಹೋಗಲಿ, ಲಕ್ಷ ಕೊಟ್ಟವ್ರಿಗೆ ಸಾಹೇಬ್ರ ತಾವ ಫೋನ್ ಮಾಡ್ತಾರ, ನೀ ಚಿಂತಿ ಮಾಡಬ್ಯಾಡ. ಮತ್ತ ಯಾರು ಎಷ್ಟ ಕೊಟ್ರು, ಯಾರು ಕೊಡತೀನಂದು ಕೈ ಎತ್ತಿದ್ರು ಅನ್ನೋದು ಮದುವಿ ಮನ್ಯಾಗ, ಹಾಸ್ಟೆಲ್ ರೂಮಿನ್ಯಾಗ ಬಾಯಿಗೆ ಬರಬಾರ್ದು, ನಂಗೂ ಹೇಳಬ್ಯಾಡ, ನಾ ಕೇಳಿದ್ರೂ. (ಕೇಳ್ತೀನಿ, ನನ್ನ ಸ್ವಭಾವ ನಿಂಗ ಗೊತ್ತೈತಿ.)

ಎಂಕಾಂ ಓದಿ ಇದಕ್ಕೇನು ಅಂದ್ಯಲ್ಲ. ಸಿರಸಂಗಿ ಲಿಂಗರಾಜರು ತಮ್ಮ ಆಸ್ತಿ ಓದೋ ಹುಡುಗ್ರ ಸಲುವಾಗಿ ಬರದಿಟ್ಟು ಹೋಗಿ ನೂರ ವರ್ಷದ ಮ್ಯಾಲಾತು, ಅವ್ರ ಹೆಸರಿನ ಸ್ಕಾಲರ್‌ಶಿಪ್ಪಿನ ಮ್ಯಾಲ ಎಷ್ಟ ಮಂದಿ ಓದಿದ್ರು. ಅವ್ರು ಬರದಿಟ್ರು ಖರೆ, ಆದ್ರ ಆಮ್ಯಾಲ ವರ್ಷಾ ವರ್ಷಾ ಅರ್ಜಿ ತಗೊಂಡು, ಹೆಸರು ಬರದು, ಲೆಕ್ಕಾ ಇಟ್ಟು ಅದನ್ನ ನಡಸಿದವ್ರು ಯಾರಂತಿ? ನಮ್ಮ ಗದಗಿನ ಪುಣ್ಯಾಶ್ರಮದಾಗ ಗವಾಯಿಗಳು ಕಣ್ಣಿಲ್ಲದ ಹುಡುಗ್ರನ್ನ ಸಾಕಾಕ ನಾಟಕ ಕಂಪನಿ ಕಟ್ಟಿಕೊಂಡು ಊರೂರು ತಿರುಗಿದ್ರು, ಅಲ್ಲೆ ಟಿಕೀಟಿನ ರೊಕ್ಕ ಎಣಿಸಿ ಇಟ್ಟಾಂವ ಒಬ್ಬಾಂವ ಇದ್ದೇ ಇರ್ತಾನ, ಅವನ ಫೋಟೋ ಎಲ್ಲೂ ಹಾಕಿಲ್ಲ. ನಿಂದೂ ಹಾಕೂದಿಲ್ಲ. ಅದು ಸಹನ ಆಗೂದಿಲ್ಲ ಅಂದ್ರ ಬ್ಯಾಂಕ್ ಪರೀಕ್ಷೆ ಕಟ್ಟು, ನಾ ಬ್ಯಾಡ ಅನ್ನೂದಿಲ್ಲ, ಆದ್ರ ಇರೂ ತನಾ ಖಾಲಿ ಗೆರಿ ಬಿಡಬ್ಯಾಡ.

ಆ ಚಾ ಹೇಳೋದು ಮಾತ್ರ ನಿನ್ನ ಕೆಲಸ ಅಲ್ಲ, ಅದಕ್ಕ ನಿಂಗ ಸಿಟ್ಟು ಬಂದಿದ್ದು ಬರೋಬ್ಬರಿ. ಸಾಹೇಬ್ರಿಗೆ ನಕ್ಕೋತ ಹೇಳು, ಪ್ಯೂನ್ ಅದಾನಲ್ರಿ ಅಂತ.

ಐತವಾರ ಬಸ್ಸಿಗೆ ಬಾ, ಜ್ವಾಳದ ಹಿಟ್ಟು ಬೀಸಿಸಿ ಇಟ್ಟೀನಿ. ಬರೂ ಮೊದ್ಲ ಆ ಅಜ್ಜಗ ಫೋನ್ ಮಾಡು, ತಿದ್ದಿದ ಪಾವತಿ ಪೋಸ್ಟಿಗೆ ಹಾಕು. ಅವ್ರು ಯಾರ ಹೆಸರಿಲೆ ಕೊಟ್ಟಾರ ಕೇಳಿಯೇನು?

ನಿನ್ನ ದೊಡ್ಡವ್ವ
ಗದಗ