ಸಾಲ ತೀರಿತು, ನಿಮ್ಮ ಋಣ ಹಾಗೇ ಇದೆ

ಕಲ್ವಾ ಎಂಬ ಚಿಪ್ಪುಮೀನು ಸಾಕಲು ಮಾಡಿದ್ದ ಸಾಲದ ಕೊನೆ ಕಂತನ್ನು ಮೊನ್ನೆ ಕಟ್ಟಿ ಬಂದೆವು. ಸಂಘದ ಹೆಂಗಸರೆಲ್ಲ ಸೇರಿ ಪಾಯಸ ಮಾಡಿ ಉಂಡದ್ದೂ ಆಯ್ತು. ಆದರೆ ನಿಮಗೆಲ್ಲ ಒಂದು ಮಾತು ಹೇಳದಿದ್ದರೆ ಆ ಊಟ ಮೈಗೆ ಹತ್ತುವುದಿಲ್ಲ.

2021ರ ಮೇ ತಿಂಗಳು ನೆನಪಿದೆ ಅಲ್ವಾ? ಮಳೆಗಾಲ ಹಿಡಿದರೆ ಘಟ್ಟದ ಸಿಹಿನೀರು ಅಘನಾಶಿನಿ ಹೊಳೆಗೆ ನುಗ್ಗಿ, ಅದು ಕಡಲು ಸೇರುವ ಅಳಿವೆಯ ಉಪ್ಪು ಇಳಿಯುತ್ತದೆ. ಆಮೇಲೆ ಕಲ್ವಾ ಉಳಿಯುವುದು ಕಷ್ಟ. ಅಷ್ಟರೊಳಗೆ ಕೊಯ್ಲು ಮುಗಿಸಬೇಕು. ಆ ವರ್ಷ ಲಾಕ್‌ಡೌನ್. ಹೋಟೆಲುಗಳೆಲ್ಲ ಬಂದ್, ಬೆಳೆದ ಮಾಲು ನೀರಲ್ಲೇ ನೇತಾಡುತ್ತಿತ್ತು. ಆಗಲೇ ತೌಕ್ತೆ ಚಂಡಮಾರುತ ಬಂತು. ಗಾಳಿಮರದ ಗೂಟ ಕಿತ್ತು, ಕಲ್ವಾ ಸರ ನೇತುಹಾಕಿದ್ದ ಚಪ್ಪರ ಮಗುಚಿತು, ಸರಗಳೆಲ್ಲ ಕೆಸರಲ್ಲಿ ಹೂತವು.

ನಾವು ಯಾರನ್ನೂ ಕರೆದಿರಲಿಲ್ಲ. ನೀರು ಇಳಿದದ್ದೇ ತಡ, ಬಳಚು ಎಂಬ ಇನ್ನೊಂದು ಬಗೆಯ ಚಿಪ್ಪುಮೀನು ಆರಿಸುವ ಅಕ್ಕಂದಿರು ಹೊಳೆಗಿಳಿದರು. ಕೆಸರನ್ನು ಕಾಲಲ್ಲೇ ತಡಕಿ ಸರ ಹುಡುಕಿದರು. ಕಲ್ವಾ ಚಿಪ್ಪಿನ ಅಂಚು ಬ್ಲೇಡಿನ ಹಾಗೆ. ಎಷ್ಟು ಜನರ ಅಂಗಾಲು ಸೀಳಿತೋ! ಅರಿಶಿನ ಮೆತ್ತಿ, ಬಟ್ಟೆ ಸುತ್ತಿ ಮತ್ತೆ ಇಳಿದರು. ಅವರ ಬಳಚಿನ ದುಡಿಮೆಯೂ ಆ ದಿನಗಳಲ್ಲಿ ಹೋಯ್ತು. ಅಕ್ಕಂದಿರೇ, ನಿಮ್ಮ ಕಾಲಿಗೆ ಬಿದ್ದರೂ ಸಾಲದು.

ಸಿಕ್ಕಿದ್ದನ್ನು ಬೇಯಿಸಿ ಬಿಡಿಸಿದೆವು. ಬೆಳಿಗ್ಗೆ ಹತ್ತರವರೆಗೆ ಮಾತ್ರ ವ್ಯಾಪಾರಕ್ಕೆ ಬಿಡುತ್ತಿದ್ದ ಕಾಲ ಅದು. ಮೀನು ಮಾರುವ ಅಮ್ಮಂದಿರು ತಮ್ಮ ಬುಟ್ಟಿಯಲ್ಲೇ ಜಾಗ ಮಾಡಿ ನಮ್ಮ ಕಲ್ವಾವನ್ನೂ ಮನೆಮನೆಗೆ ಮುಟ್ಟಿಸಿದರು. ತಮ್ಮ ಪಾಲೆಂದು ಒಂದು ರೂಪಾಯಿ ಇಟ್ಟುಕೊಳ್ಳಲಿಲ್ಲ.

ಹಳೇ ಚಿಪ್ಪಿಗೆ ತೂತು ಹೊಡೆದು ಹಗ್ಗಕ್ಕೆ ಪೋಣಿಸಿ ಇಳಿಬಿಟ್ಟರೆ, ನೀರಲ್ಲಿ ತೇಲಿ ಬರುವ ಮರಿಗಳು ತಾವಾಗಿ ಅಂಟಿಕೊಳ್ಳುತ್ತವೆ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲಿ ತೂತುಕುಡಿಯಲ್ಲಿ ಬೆಳೆಸಿದ ವಿದ್ಯೆ ಇದು. ಅವರಿಗೂ ನಮಸ್ಕಾರ. ಚಿಪ್ಪುಗಳ ನಡುವೆ ಅಂತರಕ್ಕೆ ಪ್ಲಾಸ್ಟಿಕ್ ಪೈಪು ಯಾಕೆ, ವಾಟೆ ಬಿದಿರಿನ ತುಂಡು ಸಾಕು ಎಂದು ಕುಯ್ದು ತೋರಿಸಿದವರು ಬುಟ್ಟಿ ಹೆಣೆಯುವ ಅಜ್ಜ. ಅವರು ಈಗಿಲ್ಲ. ಸರ ಕಟ್ಟಲು ಕೂತಾಗಲೆಲ್ಲ ಅವರ ಮಾತು ಬರುತ್ತದೆ.

ಇನ್ನು ಹೊಳೆ. ಕಲ್ವಾಕ್ಕೆ ನಾವು ಮೇವು ಹಾಕುವುದಿಲ್ಲ, ಔಷಧಿ ಹಾಕುವುದಿಲ್ಲ. ನೀರನ್ನು ಸೋಸಿ ಸಿಕ್ಕಿದ್ದು ತಿಂದು ಬೆಳೆಯುವ ಜೀವ. ಹೊಳೆ ಕೆಟ್ಟರೆ ಅದೂ ಕೆಟ್ಟಿತು, ನಾವೂ ಕೆಟ್ಟೆವು. 2024ರಲ್ಲಿ ನಮ್ಮ ಅಳಿವೆ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ಎಲ್ಲರೂ ಖುಷಿಪಟ್ಟೆವು. ಆದರೆ ಅದಕ್ಕೂ ಎಷ್ಟೋ ಮೊದಲಿಂದ ದಡದ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ ಕಡಿಯಲು ಬಿಡದವರು, ಕಸ ಸುರಿಯಬೇಡಿ ಎಂದು ಜಗಳಕ್ಕೂ ನಿಂತವರು ಈ ಊರಲ್ಲಿದ್ದಾರೆ. ನಮ್ಮ ಅನ್ನದಲ್ಲಿ ಅವರ ಪಾಲು ಜಾಸ್ತಿಯೇ ಇದೆ.

ಮಳೆ ಮುಗಿದು ನೀರು ಉಪ್ಪಾದ ಮೇಲೆ ಹೊಸ ಸರ ಇಳಿಸುತ್ತೇವೆ. ತಿಂದ ಕಲ್ವಾದ ಚಿಪ್ಪು ಎಸೆಯಬೇಡಿ, ತೊಳೆದು ನಮಗೇ ಕೊಡಿ. ಪೋಣಿಸಲು ಬರುವವರು ಬನ್ನಿ, ಊಟ ನಮ್ಮಲ್ಲೇ.